ಒಂದು ಸ್ಟೂಲು, ಒಂದು ಪರದೆ

ಮಲೆನಾಡಿನ ಅಂಗಡಿಗಳಲ್ಲಿ ಹಸುಗೂಸಿಗೆ ಸಿಗುವಷ್ಟು ಪ್ರೀತಿ ಇನ್ಯಾವ ಗಿರಾಕಿಗೂ ಸಿಗೋದಿಲ್ಲ. ಮೂಡಿಗೆರೆಯ ಯಾವುದಾದ್ರೂ ದಿನಸಿ ಅಂಗಡಿಗೆ ಆರು ತಿಂಗಳ ಪಾಪುವನ್ನು ಎತ್ತಿಕೊಂಡು ಹೋಗಿ ನೋಡಿ. ಗಲ್ಲಾದಲ್ಲಿ ಕೂತವರು ಕನ್ನಡಕದ ಮೇಲಿಂದ ನೋಡಿ "ಯಾರಿದು, ಯಾರಿದು?" ಅಂತಾರೆ. ಸಾಮಾನು ಕಟ್ಟೋ ಹುಡುಗ ಲಾಲಿಪಾಪ್ ಹಿಡಿದು ಬರ್ತಾನೆ. ಪಕ್ಕದಲ್ಲಿ ಚೀಟಿ ಹಿಡಿದು ನಿಂತ ಅಜ್ಜಿ "ಟೊಪ್ಪಿ ಹಾಕ್ಬಾರ್ದಾ ಮಾರಾಯ್ತಿ, ಥಂಡಿ ಗಾಳಿ" ಅಂತ ಗದರಿಸ್ತಾರೆ. ಪ್ರೀತಿಗೇನೂ ಕೊರತೆ ಇಲ್ಲ.

ಆದ್ರೆ ಅದೇ ಪಾಪು ಹಸಿದು ಅಳೋಕೆ ಶುರು ಮಾಡಿದ್ರೆ? ಆಗ ಎಲ್ಲರೂ ಅಯ್ಯೋ ಪಾಪ ಅಂತಾರೆ, ಯಾರಿಗೂ ಏನು ಮಾಡ್ಬೇಕು ಅಂತ ತೋಚೋದಿಲ್ಲ. ಕೂರೋಕೆ ಜಾಗ ಇಲ್ಲ, ಹಾಲು ಕುಡಿಸೋಕೆ ಮರೆ ಇಲ್ಲ, ಬಟ್ಟೆ ಬದಲಾಯಿಸೋಕೆ ಒಂದು ಒಣ ಮೂಲೆ ಇಲ್ಲ. ತಾಯಿ ಅರ್ಧಂಬರ್ಧ ಸಾಮಾನು ತಗೊಂಡು ಹೊರಗೆ ಬರ್ತಾಳೆ. ಈ ವಾರ ಈ ಅರ್ಧಕ್ಕೆ ನಿಂತ ಸಾಮಾನು ಚೀಟಿಯ ಬಗ್ಗೆ ಮಾತಾಡೋಣ.

ಬೆಂಗಳೂರಲ್ಲಿರುವ ಓದುಗರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲಿ ದೊಡ್ಡ ಮಾಲುಗಳಲ್ಲಿ ಬೇಬಿ ರೂಮ್ ಇರುತ್ತೆ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಬಾಗಿಲು ತೆರೆದ ಐಕಿಯಾ ಮಳಿಗೆಯಲ್ಲಿ ಮಕ್ಕಳು ಆಡೋಕೆ ಅಂತಲೇ ದೊಡ್ಡ ಜಾಗ ಇದೆ. ಆದ್ರೆ ನಮ್ಮ ಗುಡ್ಡಗಳಲ್ಲಿ ಅಂಗಡಿಗೆ ಹೋಗೋದು ಅಂದ್ರೆ ಅರ್ಧ ಗಂಟೆಯ ಕೆಲಸ ಅಲ್ಲ, ಒಂದು ದಿನದ ಕೆಲಸ.

ಲೆಕ್ಕ ಹಾಕಿ ನೋಡಿ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ಕೊಟ್ಟಿಗೆಹಾರದ ಕಡೆಯಿಂದ ಬಂದರೆ ತಿರುವಿನ ಮೇಲೆ ತಿರುವು, ಮಳೆಗಾಲದಲ್ಲಿ ಮಂಜು ಬೇರೆ. ಬಸ್ಸಲ್ಲಿ ಎರಡೂವರೆ ಮೂರು ಗಂಟೆ ಹಿಡಿಯುತ್ತೆ. ಪುಟ್ಟ ಮಗುವಿಗೆ ಹಸಿವಾಗೋದೂ ಸುಮಾರು ಎರಡು ಮೂರು ಗಂಟೆಗೊಮ್ಮೆ. ಅಂದ್ರೆ ಕಳಸದಲ್ಲಿ ಹಾಲು ಕುಡಿಸಿ ಬಸ್ ಹತ್ತಿದ ತಾಯಿ ಚಿಕ್ಕಮಗಳೂರಿನಲ್ಲಿ ಇಳಿಯುವ ಹೊತ್ತಿಗೆ ಮಗುವಿನ ಮುಂದಿನ ಊಟದ ಸಮಯ ಆಗಿರುತ್ತೆ. ಆಮೇಲೆ ಜಿಲ್ಲಾ ಆಸ್ಪತ್ರೆ, ಆಮೇಲೆ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿ, ಆಮೇಲೆ ಮತ್ತೆ ಬಸ್ಸು. ಸಂಜೆ ಮನೆ ಸೇರುವುದರೊಳಗೆ ಕಡಿಮೆ ಅಂದ್ರೂ ಮೂರು ಸಲ ಆ ತಾಯಿಗೆ ಎಲ್ಲಾದ್ರೂ ಕೂರಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದೆ. ಊರು ತಲುಪೋದು ಸುಲಭ ಆಯ್ತು. ತಲುಪಿದ ಮೇಲೆ ಮಗು ಜೊತೆ ಎಲ್ಲಿ ಕೂರೋದು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

ಜಾಗ ಇಲ್ಲದಿದ್ರೆ ತಾಯಂದಿರು ಏನು ಮಾಡ್ತಾರೆ? ಮೂರರಲ್ಲಿ ಒಂದು. ಮಗುವನ್ನು ಅತ್ತೆ ಹತ್ರನೋ ಅಮ್ಮನ ಹತ್ರನೋ ಬಿಟ್ಟು, ಎದೆ ಭಾರ ಆಗ್ತಾ ಇದ್ರೂ ಓಡೋಡಿ ಕೆಲಸ ಮುಗಿಸ್ತಾರೆ. ಇಲ್ಲಾಂದ್ರೆ ಹೋಗೋದನ್ನೇ ಬಿಡ್ತಾರೆ, ಚೀಟಿ ಬರೆದು ಗಂಡನ ಕೈಗೆ ಕೊಡ್ತಾರೆ. ಅದೂ ಇಲ್ಲ ಅಂದ್ರೆ ಬ್ಯಾಗಿಗೆ ಒಂದು ಬಾಟಲಿ ಹಾಲು ಸೇರುತ್ತೆ.

ಈ ಬಾಟಲಿ ವಿಷಯ ಸ್ವಲ್ಪ ಯೋಚನೆ ಮಾಡಬೇಕಾದ್ದು. ಮೊದಲ ಆರು ತಿಂಗಳು ತಾಯಿ ಹಾಲು ಮಾತ್ರ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಫಾರ್ಮುಲಾ ಪುಡಿ, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರಲ್ಲೇ ಕಾನೂನು ಮಾಡಿ ನಿಲ್ಲಿಸಿದೆ. ಮೆಡಿಕಲ್ ಶಾಪಿನ ಗೋಡೆ ಮೇಲೆ ಅದರ ಪೋಸ್ಟರ್ ಹಾಕುವ ಹಾಗಿಲ್ಲ, ರಿಯಾಯಿತಿ ಕೊಟ್ಟು ಮಾರುವ ಹಾಗಿಲ್ಲ. ಒಳ್ಳೇ ಕಾನೂನು. ಆದ್ರೆ ಜಾಹೀರಾತು ಮಾಡದ ಕೆಲಸವನ್ನು ಕೂರೋಕೆ ಜಾಗ ಇಲ್ಲದ ಪೇಟೆ ಮಾಡ್ತಾ ಇದೆ. ವೈದ್ಯರ ಸಲಹೆ ಮೇಲೆ ಫಾರ್ಮುಲಾ ಕೊಡುವವರ ಮಾತು ಬೇರೆ, ಅವರಿಗೂ ಬಿಸಿನೀರು, ಕೂರೋಕೆ ಜಾಗ ಬೇಕೇ ಬೇಕು. ನಾನು ಹೇಳ್ತಿರೋದು ಹಾಲಿದ್ದೂ, ಕುಡಿಸುವ ಮನಸ್ಸಿದ್ದೂ, ಮರೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಟಲಿ ಹಿಡಿಯುವವರ ಬಗ್ಗೆ.

ನಮ್ಮಲ್ಲಿ ಹಲವರಿಗೆ ಇದೊಂದು ಸಮಸ್ಯೆ ಅಂತಲೇ ಅನ್ನಿಸದಿರೋಕೆ ಒಂದು ಕಾರಣ ಇದೆ: ಕಾರು. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಕೆಲಸ ಮಾಡುವವರು, ತೋಟದ ಮನೆಯಿಂದಲೇ ಲ್ಯಾಪ್‌ಟಾಪ್ ಹಿಡಿದು ಕಂಪನಿ ಕೆಲಸ ಮಾಡುವವರು, ನಾವೆಲ್ಲ ರಸ್ತೆ ಬದಿ ಕಾರು ನಿಲ್ಲಿಸಿ, ಕಿಟಕಿಗೆ ಶೇಡ್ ಎಳೆದು, ಹಿಂದಿನ ಸೀಟಲ್ಲಿ ಪಾಪುಗೆ ಹಾಲು ಕುಡಿಸಿಬಿಡ್ತೀವಿ. ಡೈಪರ್ ಬದಲಾಯಿಸೋದೂ ಅಲ್ಲೇ. ನಮ್ಮ ಬೇಬಿ ರೂಮನ್ನು ನಾವೇ ಚಕ್ರದ ಮೇಲೆ ತಂದಿರ್ತೀವಿ.

ತೋಟದ ಲೈನಿನಿಂದ ಜೀಪಲ್ಲಿ ಹನ್ನೆರಡು ಜನರ ಜೊತೆ ಬಂದವಳಿಗೆ ಆ ಅನುಕೂಲ ಇಲ್ಲ. ಎಷ್ಟೋ ಕಡೆ ಸಂತೆ ದಿನವೇ ತೋಟಕ್ಕೆ ರಜೆ. ವಾರದ ಬಟವಾಡೆ ಕೈಗೆ ಬಂದಿರುತ್ತೆ, ಅಕ್ಕಿ, ಎಣ್ಣೆ, ಒಣಮೀನು, ದೊಡ್ಡ ಮಗನಿಗೆ ಚಪ್ಪಲಿ ಎಲ್ಲ ಅವತ್ತೇ ಆಗಬೇಕು. ಕಾಫಿ ಕುಯ್ಲಿನ ತಿಂಗಳುಗಳಲ್ಲಂತೂ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಸಂತೆಯಲ್ಲಿ ಸೇರ್ತಾರೆ. ಬಗಲಲ್ಲಿ ಕೂಸು ಕಟ್ಟಿಕೊಂಡ ಆ ಹೆಂಗಸರು ಎಲ್ಲಿ ಹಾಲು ಕುಡಿಸ್ತಾರೆ ಅಂತ ಗಮನಿಸಿದ್ದೀರಾ? ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಗೂಡ್ಸ್ ಆಟೋ ಹಿಂದೆ, ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿಕೊಂಡು, ಸೆರಗು ಎಳ್ಕೊಂಡು, ಗೋಡೆ ಕಡೆ ಮುಖ ಮಾಡಿ.

ಸ್ಟೂಲು ಇರೋ ಅಂಗಡಿಯಲ್ಲೂ ಒಂದು ಮಾತಿದೆ. ಚೂಡಿದಾರ್ ಹಾಕ್ಕೊಂಡು, ಫೋನ್ ಕೈಯಲ್ಲಿ ಹಿಡಿದು ಹೋದ ನಮಗೆ "ಕೂತ್ಕೊಳಿ ಮೇಡಂ" ಅಂತ ಸಲೀಸಾಗಿ ಬರುತ್ತೆ. ಕುಯ್ಲಿನ ಕಲೆ ಹತ್ತಿದ ಕೈಯವಳಿಗೆ ಅದೇ ಮಾತು ಬರುತ್ತಾ? ಮಕ್ಕಳಿಗೆ ಸ್ನೇಹಿ ಅಂಗಡಿ ಅಂತ ಕರೆಸಿಕೊಳ್ಳೋಕೆ ಬಣ್ಣದ ಗೋಡೆ, ಬಲೂನು ಬೇಡ. ಈ ಇಬ್ಬರಿಗೂ ಒಂದೇ ಸ್ಟೂಲು ಸಿಗುತ್ತಾ ಅಂತ ನೋಡಿದ್ರೆ ಸಾಕು.

ಅಂಗಡಿಯವರನ್ನು ಕೇಳಿದ್ರೆ ಮೊದಲ ಉತ್ತರ ಒಂದೇ: "ಜಾಗ ಎಲ್ಲಿದೆ ಹೇಳಿ ಮೇಡಂ?" ಸುಳ್ಳಲ್ಲ. ನಮ್ಮ ಪೇಟೆಯ ಅಂಗಡಿಗಳು ಉದ್ದಕ್ಕೆ, ಕಿರಿದಾಗಿ ಇರ್ತವೆ. ಬಾಡಿಗೆ ಕಟ್ಟೋದು ಅಡಿ ಲೆಕ್ಕದಲ್ಲಿ. ಆದ್ರೂ ಒಂದು ವಿಷಯ ನೆನಪು ಮಾಡ್ಕೊಳ್ಳಿ. ಹಳೇ ಕಾಲದ ಜವಳಿ ಅಂಗಡಿ ಇವತ್ತಿನ ಶೋರೂಮಿಗಿಂತ ಚಿಕ್ಕದಿತ್ತು. ಅಲ್ಲಿ ನೆಲದ ಮೇಲೆ ಗಾದಿ ಹಾಸಿ, ಮೇಲೆ ಬಿಳಿ ಬಟ್ಟೆ ಹಾಕಿರ್ತಿದ್ರು. ಮನೆ ಮಂದಿಯೆಲ್ಲ ಚಪ್ಪಲಿ ಬಿಟ್ಟು ಕೂತು ಸೀರೆ ನೋಡೋದು, ಮಗು ಅಲ್ಲೇ ಪಕ್ಕದಲ್ಲಿ ಮಲಗೋದು. ಬೇಬಿ ರೂಮ್ ಅನ್ನೋ ಹೆಸರು ಯಾರಿಗೂ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ. ಆಮೇಲೆ ಗಾಜಿನ ಕೌಂಟರ್ ಬಂತು, ಗಿರಾಕಿ ಎದ್ದು ನಿಂತ. ಗಿರಾಕಿಯನ್ನು ಕೂರಿಸೋದು ನಮಗೆ ಹೊಸ ಪಾಠ ಏನಲ್ಲ.

ಹಾಗಾದ್ರೆ ಏನು ಮಾಡಬಹುದು? ಅಂಗಡಿ ಅಂಗಡಿ ಲೆಕ್ಕದಲ್ಲೇ ನೋಡೋಣ.

ಬಟ್ಟೆ ಅಂಗಡಿಯವರಿಗೆ ಎಲ್ಲಕ್ಕಿಂತ ಸುಲಭ. ಟ್ರಯಲ್ ರೂಮ್ ಇದ್ದೇ ಇದೆ. ಒಳಗೊಂದು ಪ್ಲಾಸ್ಟಿಕ್ ಕುರ್ಚಿ, ಬ್ಯಾಗು ನೇತುಹಾಕೋಕೆ ಒಂದು ಮೊಳೆ, ಮುಚ್ಚಳ ಇರೋ ಒಂದು ಕಸದ ಡಬ್ಬಿ. ಚಿಲಕ ಸರಿಯಾಗಿ ಬೀಳಬೇಕು, ಸಿಸಿಟಿವಿಯ ಕಣ್ಣು ಆ ಬಾಗಿಲ ಕಡೆ ಇರಬಾರದು. ಹೊರಗೆ ಒಂದು ಚೀಟಿ: "ತಾಯಂದಿರು ಮಗುವಿಗೆ ಹಾಲುಣಿಸಲು ಈ ಕೋಣೆ ಬಳಸಬಹುದು." ಕನ್ನಡ ಓದಲು ಬಾರದವರೂ ಬರ್ತಾರೆ, ಅದಕ್ಕೆ ತಾಯಿ ಮಗುವಿನ ಒಂದು ಚಿತ್ರವನ್ನೂ ಅಂಟಿಸಿ. ಈ ಚೀಟಿ ಮುಖ್ಯ. ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ, ನಿಜ. ಆದ್ರೆ ಬಾಣಂತನ ಮುಗಿಸಿ ಮೊದಲ ಸಲ ಪೇಟೆಗೆ ಬಂದ ಹುಡುಗಿಗೆ ಗಂಡಸರು ತುಂಬಿದ ಕೌಂಟರಿನಲ್ಲಿ ಅದನ್ನು ಕೇಳೋದೇ ಕಷ್ಟ.

ದಿನಸಿ ಅಂಗಡಿಯಲ್ಲಿ ಟ್ರಯಲ್ ರೂಮ್ ಇರಲ್ಲ. ಅಕ್ಕಿ ಮೂಟೆಗಳ ಸಂದಿಯಲ್ಲಿ ಒಂದು ಸ್ಟೂಲಿಗೆ ಜಾಗ ಇರುತ್ತೆ, ಎರಡು ಮೊಳೆ ಹೊಡೆದು ದಾರ ಕಟ್ಟಿದ್ರೆ ಪರದೆಯೂ ಆಯ್ತು. ಗಟ್ಟಿ ಸ್ಟೂಲಿಗೆ ನಾನೂರು ಐನೂರು ರೂಪಾಯಿ. ಚೀಟಿಯನ್ನು ಮೊದಲೇ ವಾಟ್ಸಾಪ್‌ನಲ್ಲಿ ತಗೊಂಡು ಸಾಮಾನು ಕಟ್ಟಿಡುವ ಅಂಗಡಿಗಳು ಈಗ ನಮ್ಮಲ್ಲಿವೆ. ಚಿಕ್ಕ ಮಕ್ಕಳ ತಾಯಂದಿರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮಳೆಗಾಲಕ್ಕೆ ಪ್ರತ್ಯೇಕ ತಯಾರಿ ಬೇಕು. ನೀರು ಒಳಗೆ ನುಗ್ಗಬಾರದು ಅಂತ ನಮ್ಮ ಅಂಗಡಿಗಳೆಲ್ಲ ಚರಂಡಿ ದಾಟಿ ಮೂರು ನಾಲ್ಕು ಮೆಟ್ಟಿಲು ಎತ್ತರದಲ್ಲಿವೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಕೊಡೆ, ಕಾಲಡಿಯಲ್ಲಿ ಪಾಚಿ. ಹಿಡಿಯೋಕೆ ಒಂದು ಕಬ್ಬಿಣದ ಪೈಪು ಹಾಕಿಸಿ. ಬಾಗಿಲಲ್ಲಿ ಹಾಸುವ ಗೋಣಿಚೀಲ ನೆನೆದು ಜಾರುವಂತಾದ ಮೇಲೆ ಅದನ್ನು ಬದಲಾಯಿಸಿ. ಕೊಡೆ ಇಡೋಕೆ ಒಂದು ಬಕೆಟ್ ಇಟ್ರೆ ನೆಲ ಒಣಗಿರುತ್ತೆ. ಪೈಪು ಹಿಡಿದು ಹತ್ತುವವರಲ್ಲಿ ಮೊಣಕಾಲು ನೋವಿನ ಅಜ್ಜ ಅಜ್ಜಿಯರೂ ಇರ್ತಾರೆ, ಖರ್ಚು ದಂಡ ಆಗಲ್ಲ.

ಗೊಬ್ಬರ, ಔಷಧಿ ಮಾರುವ ಅಂಗಡಿಗಳಿಗೆ ಮಾತ್ರ ಉಲ್ಟಾ ಮಾತು. ಅಲ್ಲಿ ಮಗುವಿಗೆ ಒಳಗೆ ಜಾಗ ಮಾಡೋದು ಬೇಡ. ಕೀಟನಾಶಕದ ವಾಸನೆ, ಸೋರಿದ ಪುಡಿ ಎಲ್ಲ ನೆಲದ ಮಟ್ಟದಲ್ಲೇ ಇರುತ್ತೆ, ಅಂಬೆಗಾಲಿಡುವ ಮಗುವಿನ ಕೈಯೂ ಅಲ್ಲೇ. ಜಗಲಿಯಲ್ಲೇ ಒಂದು ಬೆಂಚು ಹಾಕಿ, ಸಾಮಾನು ಹೊರಗೆ ತಂದು ಕೊಡಿ. ಕಾಫಿಪುಡಿ ಅಂಗಡಿಯವರು ಮೆಷಿನ್ನಿನ ಬೆಲ್ಟಿಗೆ ಒಂದು ತಡೆ ಹಾಕಿ. ಕಾಫಿ ಪರಿಮಳಕ್ಕೆ ಮಕ್ಕಳೂ ಹತ್ರ ಬರ್ತಾರೆ.

ಇನ್ನು ತಿಂಡಿ ವಿಷಯ. "ಚಿಲ್ಲರೆ ಇಲ್ಲ, ಚಾಕೊಲೇಟ್ ತಗೊಳಿ" ಅನ್ನೋ ಕಾಲವನ್ನು ಯುಪಿಐ ಮುಗಿಸಿತು. ಆದ್ರೂ ಗಲ್ಲಾದ ಪಕ್ಕ ಸರಿಯಾಗಿ ಮಗುವಿನ ಕಣ್ಣಿನ ಎತ್ತರದಲ್ಲಿ ಮಿಠಾಯಿ ಡಬ್ಬಿಗಳ ಸಾಲು ಹಾಗೇ ಇದೆ. ದುಡ್ಡು ಕೊಡುವ ಹೊತ್ತಿಗೆ ಮಗು ನೆಲಕ್ಕೆ ಬಿದ್ದು ಹಟ ಮಾಡುತ್ತೆ, ತಾಯಿ ಸೋಲ್ತಾಳೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರಿಟನ್ನಿನ ಟೆಸ್ಕೊ ಕಂಪನಿ ತನ್ನ ಎಲ್ಲ ಮಳಿಗೆಗಳ ಬಿಲ್ಲಿಂಗ್ ಕೌಂಟರಿನಿಂದ ಸಿಹಿತಿಂಡಿ ತೆಗೆಯುವುದಾಗಿ 2014ರಲ್ಲಿ ಹೇಳಿತು. 2016ರಿಂದ ಮಕ್ಕಳಿಗೆ ಉಚಿತವಾಗಿ ಹಣ್ಣು ಇಡೋಕೆ ಶುರು ಮಾಡಿತು. 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಯನ್ನು ಕೌಂಟರಿನ ಹತ್ತಿರ ಇಡುವ ಹಾಗಿಲ್ಲ ಅಂತ ಕಾನೂನೇ ಬಂತು.

ನಮಗೆ ಕಾನೂನಿನವರೆಗೂ ಹೋಗೋದು ಬೇಡ, ಡಬ್ಬಿಗಳನ್ನು ಎರಡಡಿ ಮೇಲಕ್ಕೆ ಏರಿಸಿದ್ರೆ ಸಾಕು. ನಮ್ಮ ಅಂಗಡಿ ಮುಂದೆ ಪುಟ್ಟಬಾಳೆ ಗೊನೆ ನೇತಾಡ್ತಾನೇ ಇರುತ್ತೆ. ಮಗುವಿಗೆ ಏನಾದ್ರೂ ಕೊಡಲೇಬೇಕು ಅನ್ನಿಸಿದ್ರೆ ಒಂದು ಹಣ್ಣು ಕಿತ್ತು ಕೊಡಿ, ತಾಯಿಯನ್ನು ಕೇಳಿ ಕೊಡಿ. ಪ್ರವಾಸಿಗರಿಗೆ ಜೇನು ಮಾರುವವರಿಗೆ ಒಂದು ವಿಶೇಷ ಮಾತು: ರುಚಿ ನೋಡಲಿ ಅಂತ ಬೆರಳ ತುದಿಯಲ್ಲಿ ಪಾಪು ಬಾಯಿಗೂ ಹಚ್ಚೋದು ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಎಷ್ಟೇ ಶುದ್ಧ ಆಗಿದ್ರೂ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಅನ್ನೋ ಅಪಾಯಕಾರಿ ಕಾಯಿಲೆ ಬರಬಹುದು. ಕಡಲೆಬೀಜದ ಚಿಕ್ಕಿ, ಗಟ್ಟಿ ಪೆಪ್ಪರಮೆಂಟು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಕಾನೂನು ಏನು ಹೇಳುತ್ತೆ ಅಂತ ಕೇಳುವವರಿಗೆ ಎರಡು ತೀರ್ಪುಗಳು ಗೊತ್ತಿರಲಿ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಎದೆಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿ ಅದನ್ನು ಕಾಪಾಡುತ್ತದೆ ಅಂತ ಹೇಳಿದ್ರು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೋಣೆ, ಶಿಶುಪಾಲನೆಯ ಜಾಗ ಇರುವಂತೆ ರಾಜ್ಯಗಳು ನೋಡಿಕೊಳ್ಳಬೇಕು ಅಂತ ಹೇಳಿತು. ನಾಲ್ಕು ಜನರಿರುವ ಕಡೆ ಮಗುವಿಗೆ ಹಾಲು ಕುಡಿಸೋದನ್ನು ಕೀಳಾಗಿ ನೋಡಬಾರದು ಅನ್ನೋದೂ ಆ ತೀರ್ಪಿನ ಮಾತು. ಹೊಸ ಬಸ್ ನಿಲ್ದಾಣ, ಹೊಸ ಮಾರುಕಟ್ಟೆ ಕಟ್ಟುವಾಗ ನಮ್ಮ ನಗರಸಭೆ, ಪಟ್ಟಣ ಪಂಚಾಯಿತಿಗಳನ್ನು ಇದನ್ನು ಹಿಡಿದು ಕೇಳಬಹುದು.

ಖಾಸಗಿ ಅಂಗಡಿಗೆ ಇದು ನೇರ ಆದೇಶ ಅಲ್ಲ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯ ಪ್ರಕಾರ, ಹಾಲು ಕುಡಿಸ್ತಿದ್ದೀಯ ಅನ್ನೋ ಕಾರಣಕ್ಕೆ ತಾಯಿಯನ್ನು ಅಂಗಡಿಯಿಂದ ಎಬ್ಬಿಸುವ ಹಾಗಿಲ್ಲ. ನಮ್ಮಲ್ಲಿ 2018ರಲ್ಲಿ ಕೋಲ್ಕತ್ತಾದ ದೊಡ್ಡ ಮಾಲೊಂದರಲ್ಲಿ ತಾಯಿಯೊಬ್ಬರಿಗೆ ಶೌಚಾಲಯಕ್ಕೆ ಹೋಗಿ ಹಾಲು ಕುಡಿಸಿ ಅಂದಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಷ್ಟು ದೊಡ್ಡ ಮಾಲಿಗೆ ಹೊಳೆಯದ ಜಾಗ ನಮ್ಮ ಪುಟ್ಟ ಅಂಗಡಿಗಳಿಗೆ ಹೊಳೆದ್ರೆ ನಮ್ಮೂರಿಗೇ ಹೆಮ್ಮೆ ಅಲ್ವಾ?

ಇನ್ನೊಬ್ಬಳು ತಾಯಿ ಇದ್ದಾಳೆ, ನಾವು ಅವಳನ್ನು ಮರೆತೇಬಿಡ್ತೀವಿ. ಕೌಂಟರಿನ ಆಚೆ ನಿಂತವಳು. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಹುಡುಗಿಗೂ ಮನೆಯಲ್ಲಿ ಹತ್ತು ತಿಂಗಳ ಮಗು ಇರಬಹುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಿಗೆ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸೋಕೆ ಬಿಡುವು. ಆದ್ರೆ ಕಳಸದಲ್ಲಿ, ಮೂಡಿಗೆರೆಯಲ್ಲಿ ಹತ್ತು ಜನ ಕೆಲಸಕ್ಕಿರುವ ಅಂಗಡಿ ಎಷ್ಟಿದೆ ಎಣಿಸಿ ನೋಡಿ. ಬೆರಳುಗಳೇ ಉಳಿಯುತ್ತವೆ. ಕಾನೂನು ತಲುಪದ ಕಡೆ ಮಾಲೀಕರ ಮನಸ್ಸೇ ಗತಿ.

ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟು ಕಾನೂನು ತಿದ್ದಿದವು. ಕೇರಳದಲ್ಲಿ ಅದರ ಹಿಂದೆ ಇದ್ದದ್ದು ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡುತ್ತಿದ್ದ ಹೆಂಗಸರ ಹೋರಾಟ. ನನಗನ್ನಿಸೋದು, ತನ್ನ ಕೆಲಸದವಳಿಗೇ ಸ್ಟೂಲು ಕೊಡದ ಅಂಗಡಿ ಗಿರಾಕಿಯ ಮಗುವಿಗೆ ಜಾಗ ಕೊಡೋದು ಕಷ್ಟ. ಎರಡೂ ಒಟ್ಟಿಗೇ ಶುರುವಾಗ್ಬೇಕು.

ಕಾಫಿ ಸೀಮೆಗೆ ಈ ಯೋಚನೆ ಹೊಸದೂ ಅಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಬೇಕು ಅಂದಿತ್ತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ "ಕೂಸಿನ ಮನೆ" ಘೋಷಿಸಿತು. ತೋಟಕ್ಕೆ, ಪಂಚಾಯಿತಿಗೆ ಹೊಳೆದದ್ದು ಪೇಟೆ ಬೀದಿಗೆ ಮಾತ್ರ ಇನ್ನೂ ಬಂದಿಲ್ಲ.

ಒಂದೊಂದು ಅಂಗಡಿಗೆ ಇದು ಕಷ್ಟ ಅಂತಾದ್ರೆ ಬೀದಿಗೆ ಒಂದು ಅಂತ ಮಾಡ್ಕೊಳ್ಳಬಹುದು. ಒಂದು ಸಾಲಿನ ಹತ್ತು ಅಂಗಡಿಯವರು ಮಾತಾಡಿಕೊಂಡು, ಯಾರ ಹಿಂದಿನ ಗೋದಾಮಿನಲ್ಲಿ ಸ್ವಲ್ಪ ಜಾಗ ಇದೆಯೋ ಅಲ್ಲಿ ಕುರ್ಚಿ, ಫ್ಯಾನು, ಕೈ ತೊಳೆಯೋಕೆ ನೀರು, ಒಂದು ಶೌಚಾಲಯ. ಉಳಿದವರು ಖರ್ಚು ಹಂಚಿಕೊಳ್ಳೋದು, ಕೇಳಿದವರಿಗೆ ದಾರಿ ತೋರಿಸೋದು. ಅಪ್ಪಂದಿರೂ ಮಗುವಿನ ಬಟ್ಟೆ ಬದಲಾಯಿಸ್ತಾರೆ, ಅದಕ್ಕೆ ಮಗು ಮಲಗಿಸುವ ಹಲಗೆ ಪರದೆಯ ಹೊರಗಡೆ ಇರಲಿ.

ವ್ಯಾಪಾರದ ಮಾತೂ ಆಡಿಬಿಡೋಣ. ಆನ್‌ಲೈನಿನಿಂದ ವ್ಯಾಪಾರ ಬಿದ್ದುಹೋಯ್ತು ಅಂತ ನಮ್ಮ ಅಂಗಡಿಯವರು ನೊಂದುಕೊಳ್ತಾರೆ. ಆದ್ರೆ ಫೋನಿನಲ್ಲಿ ಮಗುವಿನ ಟೊಪ್ಪಿಯ ಉಣ್ಣೆ ಮುಟ್ಟಿ ನೋಡೋಕೆ ಆಗಲ್ಲ. ಎಷ್ಟೋ ತೋಟಗಳಿಗೆ ಕೊರಿಯರ್ ಬರೋದೇ ಇಲ್ಲ, ಪೇಟೆಗೆ ಹೋಗಿ ತರಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಮೂರು ತಿಂಗಳಿಗೊಮ್ಮೆ ಹೊಸ ಅಳತೆಯ ಬಟ್ಟೆ ಬೇಕು. ಹತ್ತು ನಿಮಿಷ ಕೂತು ಹಾಲು ಕುಡಿಸಿದ ತಾಯಿ ಎದ್ದ ಮೇಲೆ ಇನ್ನೂ ಅರ್ಧ ಗಂಟೆ ಸಮಾಧಾನವಾಗಿ ಸಾಮಾನು ನೋಡ್ತಾಳೆ.

ಗಿರಾಕಿಗಳಾದ ನಮ್ಮ ಕೆಲಸವೂ ಇದೆ. ಮಗು ಎತ್ತಿಕೊಂಡವರನ್ನು ಸಾಲಿನಲ್ಲಿ ಮುಂದೆ ಬಿಡಿ. ಅಳುವ ಮಗುವಿನ ಕಡೆ ಫೋನ್ ಹಿಡಿಯಬೇಡಿ, ತಾಯಿಗೆ ಸಲಹೆ ಕೊಡುವ ಬದಲು ಅವಳ ಚೀಲ ಹಿಡ್ಕೊಳ್ಳಿ. ಹಾಲು ಕುಡಿಸ್ತಾ ಇದ್ರೆ ಸುಮ್ಮನೆ ನಿಮ್ಮ ಪಾಡಿಗೆ ನೀವು ಸಾಮಾನು ತಗೊಳಿ, ಅಷ್ಟೆ. ನಿಮಗೆ ಸ್ಟೂಲು ಕೊಟ್ಟು, ಪಕ್ಕದಲ್ಲಿ ನಿಂತ ತೋಟದ ಹೆಂಗಸಿಗೆ ಕೊಡದಿದ್ರೆ ಎದ್ದು "ಬಾರಮ್ಮ, ಇಲ್ಲಿ ಕೂತ್ಕೋ" ಅನ್ನಿ.

ಮುಂದಿನ ಸಲ ದಿನಸಿಗೆ ಹೋದಾಗ ಗಲ್ಲಾದವರ ಹತ್ರ ಒಂದು ಮಾತು ಕೇಳಿ ನೋಡಿ: "ಅಣ್ಣ, ಮಗು ಇರೋರಿಗೆ ಇಲ್ಲೊಂದು ಸ್ಟೂಲು ಇಡಬಹುದಾ?" ಬೇಡ ಅನ್ನುವವರು ನಮ್ಮ ಕಡೆ ಕಡಿಮೆ. ಇಟ್ಟ ಮೇಲೆ, ಇಟ್ಟಿದ್ದೀರಲ್ಲ ಒಳ್ಳೇದಾಯ್ತು ಅಂತ ಹೇಳೋದನ್ನೂ ಮರೀಬೇಡಿ.